ಚತುರ್ದಶಿಯ ಭೀಮ

ಅವ್ವಾ, ಈ ಕಾಗದ ಹಾಕಲು ನಿನಗೀಗ ಊರಿಲ್ಲ, ಓಣಿಯಿಲ್ಲ. ಆದರೂ ಕೇಳು!

ಭೀಮನಾಗಿ ಗರ್ಜಿಸಿದರೆ ಡೇರೆಯ ಕಂಬ ನಡುಗಿಸುವ ಗಂಟಲು ನಿನ್ನ ಮಗ ಪಾಯಪ್ಪನದು. ನಮ್ಮ ನಾಟಕ ಕಂಪನಿ ಜಮಖಂಡಿಗೆ ಬಂದಾಗಿನಿಂದ ಹಗಲೆಲ್ಲ ತಾಲೀಮು, ರಾತ್ರಿಯೆಲ್ಲ ಆಟ. ಇವತ್ತು ಚತುರ್ದಶಿ. ಪ್ರತಿ ಚತುರ್ದಶಿಗೆ ನೀನು ಹಿಡಿಯುತ್ತಿದ್ದ ಮೌನವ್ರತವನ್ನು ಇವತ್ತು ನಾನು ಹಿಡಿದಿದ್ದೇನೆ.

ಸಂಜೆ ಮಾಲಕ ಹುಲೆಪ್ಪ ಬಿಡಾರಕ್ಕೆ ನುಗ್ಗಿದ.

"ಏಳಲೇ ಪಾಯಪ್ಪ, ಅರಮನಿ ಮಂದಿ ಆಟಕ್ಕ ಬರಾಕತ್ತಾರ. ಬಣ್ಣ ಹಚ್ಚು!"

ನಾನು ಚಾಪೆಯ ಮೇಲೆ ಇನ್ನಷ್ಟು ಕಾಲು ಚಾಚಿದೆ.

"ಗಂಟಲ ಬಿದ್ದೈತೇನು?"

ಇಲ್ಲವೆಂದು ತಲೆಯಾಡಿಸಿದೆ.

"ಜ್ವರಾ ಬಂದಾವೇನು?"

ಅದೂ ಇಲ್ಲ.

"ಮತ್ತ ಸುಮ್ಮಸುಮ್ಮನ ಮಕ್ಕೊಂಡೀಯೇನು? ಇನ್ನ ಭೀಮನ ಪಾರ್ಟು ಹಣಮಪ್ಪಂದು, ತಿಳೀತಿಲ್ಲೋ!"

ಎದ್ದೆ. ಮೂಲೆಯ ಗದೆಯನ್ನು ಎರಡೂ ಕೈಯಿಂದ ಎತ್ತಿ ಅವನ ಹೆಗಲಿಗೇರಿಸಿದೆ. ಮಹಾರಾಜರ ಮುಂದೆ ಬಾಗುವಂತೆ ಬಾಗಿ, ಬಾಗಿಲು ತೋರಿಸಿದೆ. ಹೋದ. ಮತ್ತೆ ಮಲಗಿದೆ. ಭೀಮನ ಪಾರ್ಟೇ ಕೈಬಿಟ್ಟು ಹೋಗಲಿ, ಈ ಚಾಪೆ ಬಿಡುವುದಿಲ್ಲ! ಇಂಥ ಪ್ರವೇಶವನ್ನು ಯಾವ ರಂಗದ ಮೇಲೂ ಆಡಿಲ್ಲ, ಅವ್ವಾ. ಒಂದೇ ಒಂದು ಮಾತಿಲ್ಲ!

"ಇದೊಂದು ದಿನರೆ ಯಾರೂ ನನ್ನ ಕರೀಬ್ಯಾಡ್ರಿ" ಎಂದು ಹೇಳಿ ನೀನು ಮೌನಕ್ಕೆ ಕೂಡುತ್ತಿದ್ದೆ. ನಾನು ಹಿತ್ತಲಲ್ಲಿ ಪಾರ್ಟು ಬಾಯಿಪಾಠ ಮಾಡುತ್ತ, ನೀರಿಗೆ ಕೂಗುತ್ತಿದ್ದೆ, ರೊಟ್ಟಿಗೆ ಕೂಗುತ್ತಿದ್ದೆ. ಕೂಗಿದಾಗಲೆಲ್ಲ ನೀನು ಮೌನ ಮುರಿದು "ಓ" ಎನ್ನುತ್ತಿದ್ದೆ.

ಇವತ್ತಿನ ಚತುರ್ದಶಿ ಪೂರ್ತಿ ನಿನ್ನದು. ಈ ಕಾಗದದಲ್ಲಿ ಇಷ್ಟು ಸಲ ಅವ್ವಾ ಎಂದೆನಲ್ಲ, ಒಂದಕ್ಕೂ ಓಗೊಡಬೇಡ.