ಸವೆಯದ ಕಾಲು

ಜೂನ್ ೧೪, ಶನಿವಾರ

ಮಗಳೇ,

ಮೊದಲು ಅಪ್ಪನ ಆಶೀರ್ವಾದ ತಗೋ, ಬೈಯುವುದಿದ್ದರೆ ಆಮೇಲೆ ಬೈ. ನೀನು ಮೂರು ಸಲ ಫೋನ್ ಮಾಡಿದೆ. ಒಂದು ಸಲ ಸ್ನಾನಕ್ಕೆ ಹೋಗಿದ್ದಾರೆ ಅಂತ ನಿನ್ನಮ್ಮನ ಕೈಲಿ ಹೇಳಿಸಿದೆ, ಇನ್ನೊಂದು ಸಲ ಸರಿಯಾಗಿ ಕೇಳಿಸುತ್ತಿಲ್ಲ ಅಂದೆ, ಮೂರನೆಯ ಸಲ ಎತ್ತಲೇ ಇಲ್ಲ. ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಹದಿನೈದು ದಿನ ತಡಮಾಡಿ, ಅದೂ ಕಾಗದದಲ್ಲಿ ಉತ್ತರ ಕೊಡುತ್ತಿದ್ದೇನೆ. ನಿನ್ನ ದನಿ ಕೇಳುತ್ತ ಇದನ್ನು ಹೇಳುವುದು ನನ್ನಿಂದ ಆಗಲಿಲ್ಲ.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮಂಡಿನೋವು ಮೆಟ್ಟಿಲು ಹತ್ತುವಾಗ ಬರುತ್ತದೆ, ಪಕ್ಕದ ಮನೆಗೆ ಹರಟೆಗೆ ಹೋಗುವಾಗ ಬರುವುದಿಲ್ಲ. ಮಕ್ಕಳು ರಜೆ ಮುಗಿಸಿ ಹೊರಟ ಮೇಲೆ ಮನೆ ಬಿಕೋ ಅನ್ನುತ್ತಿದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಾ, ಪಿಟೀಲು ಅಲ್ಲಿಂದ ಬಂದಾಗಿಂದ ಕಣ್ಣು ಸರಿಯಾಗಿ ಕಾಣಲ್ಲ, ಕನ್ನಡಕ ಕೊಡ್ಸು ಅಂತ ಹಟ ಹಿಡಿದಿದಾಳೆ. ಡಾಕ್ಟರ ಹತ್ರ ತೋರಿಸ್ದೆ, ಹದ್ದಿನ ಕಣ್ಣು ಅಂದ್ರು. ಅಲ್ಲೇನಾಯ್ತು?" ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಕುಯ್ಯೋ ಅಂತ ಅಳುತ್ತಿದ್ದಳೆಂದು ಅವಳಿಗೆ ಪಿಟೀಲು ಅಂತ ಹೆಸರಿಟ್ಟವನು ನಾನು. ಆ ಕಣ್ಣು ಕೆಡಿಸಿದವನೂ ನಾನೇ.

ರಜೆ ಮುಗಿಯುವ ಮೊದಲು ಇಬ್ಬರನ್ನೂ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಮೂವತ್ತೊಂದು ವರ್ಷ ಅದರ ಹಿಂದಿನ ಕೋಣೆಯಲ್ಲಿ ಕೂತು ಒಡೆದ ಮಡಕೆ, ಬೊಂಬೆ ಜೋಡಿಸಿದವನಲ್ಲವೇ, ಮೊಮ್ಮಕ್ಕಳ ಮುಂದೆ ಸ್ವಲ್ಪ ಮೆರೆಯೋಣ ಅನ್ನಿಸಿತು. ಬಾಗಿಲಲ್ಲಿ ಟಿಕೆಟ್ ಹರಿಯುವವನು ನನ್ನನ್ನು ನೋಡಿ ಎದ್ದು ನಿಂತ. "ತಾತ, ನೀವು ಇಲ್ಲಿ ರಾಜ ಆಗಿದ್ರಾ?" ಅಂದ ನಿನ್ನ ಮಗರಾಯ. "ರಾಜನ ಮಡಕೆ ಅಂಟಿಸ್ತಿದ್ದೆ ಕಣೋ" ಅಂದೆ. ಎಂಟು ವರ್ಷದವನಿಗೆ ಕತ್ತಿ, ಗುರಾಣಿ, ನಾಣ್ಯ ಎಲ್ಲ ಹತ್ತು ನಿಮಿಷಕ್ಕೆ ಮುಗಿಯಿತು. ಇವನಿಗೆ ಹಸಿವು, ಅವಳಿಗೆ ಒಂದಕ್ಕೆ ಅವಸರ. ಹಿಡಿದು ನಿಲ್ಲಿಸಲು ಒಂದು ಆಟ ಕಟ್ಟಿದೆ.

ನಮ್ಮ ಕೆಲಸದ ನಿಯಮ ನಿನಗೆ ಗೊತ್ತು. ಒಡೆದ ವಸ್ತುವಿನಲ್ಲಿ ಇಲ್ಲದ ಭಾಗವನ್ನು ಹೊಸದಾಗಿ ತುಂಬಿದರೆ ಅದರ ಬಣ್ಣ ಹಳೆಯದಕ್ಕಿಂತ ಒಂದು ಚೂರು ತಿಳಿಯಾಗಿರಬೇಕು, ರಿಜಿಸ್ಟರಿನಲ್ಲಿ ಬರೆದಿಡಬೇಕು. ಯಾವುದು ಅಂದಿನದು, ಯಾವುದು ನಮ್ಮದು ಅಂತ ನೋಡುವವರಿಗೆ ತಿಳಿಯಬೇಕು. ಅದನ್ನೇ ಮಕ್ಕಳಿಗೆ ಹೇಳಿ, "ಹೊಸದೆಲ್ಲಿದೆ ಕಂಡುಹಿಡೀರಿ ನೋಡೋಣ" ಅಂದೆ. ದೊಡ್ಡವನು ಬಾಯಿಗೆ ಬಂದದ್ದು ಹೇಳಿದ. ಪಿಟೀಲು ಗಾಜಿಗೆ ಮೂಗು ಒತ್ತಿ ನಿಂತಳೆಂದರೆ ಮುಗಿಯಿತು, ಒಂದೂ ತಪ್ಪಲಿಲ್ಲ. ಐದು ವರ್ಷ ತುಂಬಿ ಐದು ತಿಂಗಳಾದ ಹುಡುಗಿ! ಹೆಮ್ಮೆಯಿಂದ ಉಬ್ಬಿಹೋದೆ. ಆ ಉಬ್ಬಿನಲ್ಲಿ ಮುಂದಿನ ಪೆಟ್ಟಿಗೆಯಲ್ಲಿ ಏನಿದೆ ಅನ್ನುವುದೇ ಮರೆತುಹೋಯಿತು.

ಮುಂದಿನ ಪೆಟ್ಟಿಗೆಯಲ್ಲಿ ಕುದುರೆ ಇತ್ತು. ಗೇಣುದ್ದದ ಸುಟ್ಟಮಣ್ಣಿನ ಕುದುರೆ, ಯಾವುದೋ ಕಾಲದ ಯಾವುದೋ ಮಗುವಿನ ಆಟಿಕೆ. ನಿನಗೆ ಹೇಳಬೇಕಾದ್ದಿಲ್ಲ. ನಿನಗೆ ಆರು ವರ್ಷ, ಶಾಲೆಗೆ ರಜೆ, ನಿನ್ನನ್ನು ಕೆಲಸದ ಕೋಣೆಗೆ ಕರೆದುಕೊಂಡು ಹೋಗಿದ್ದೆ. ಕುದುರೆ ಮೇಜಿನಿಂದ ಬಿದ್ದು ಒಂದು ಮುಂಗಾಲು ಪುಡಿಪುಡಿಯಾಯಿತು. ಮೇಲಿನವರಿಗೆ ತಿಳಿದರೆ ಕೆಲಸಕ್ಕೇ ಸಂಚಕಾರ. ಅವತ್ತೇ ಕೂತು ಹೊಸ ಕಾಲು ಮಾಡಿದೆ. ಬಣ್ಣ ತಿಳಿ ಮಾಡಲಿಲ್ಲ, ಹಳೆಯದಕ್ಕೆ ಸರಿಸಮ ಹೊಂದಿಸಿದೆ. ರಿಜಿಸ್ಟರಿನಲ್ಲಿ ಒಂದಕ್ಷರ ಬರೆಯಲಿಲ್ಲ. ನೀನೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಮತ್ತೆಂದೂ ಆಗಲಿಲ್ಲ ಅನ್ನುವುದೇ ನಾಚಿಕೆಗೇಡು.

ಮ್ಯೂಸಿಯಂ ತೋರಿಸುವ ಹುಡುಗಿ ಒಂದು ಗುಂಪಿಗೆ ಹೇಳುತ್ತಿದ್ದಳು: "ಒಂದು ಚೂರೂ ಮುರಿಯದೆ ಇಡಿಯಾಗಿ ಸಿಕ್ಕಿರೋ ಆಟಿಕೆ ಇದೊಂದೇ."

"ಇಲ್ಲ ಅಕ್ಕಾ, ಈ ಕಾಲು ಹೊಸದು" ಅಂದಿತು ನಮ್ಮ ಪಿಟೀಲು.

ಹುಡುಗಿ ನಕ್ಕಳು. "ಹೆಂಗೆ ಹೇಳ್ತೀಯಾ ಪುಟ್ಟಾ?"

"ಮೂರು ಕಾಲು ತಳದಲ್ಲಿ ಸವೆದಿದೆ. ಇದು ಸವೆದೇ ಇಲ್ಲ. ಕುದುರೆನ ನೆಲದ ಮೇಲೆ ಓಡ್ಸಿದ್ರೆ ನಾಲ್ಕೂ ಸವೀಬೇಕು ತಾನೆ?"

"ಕುಂಟು ಕುದುರೆ ಇರ್ಬೇಕು ಕಣೇ" ಅಂದ ಅಣ್ಣ. ಎಲ್ಲರೂ ನಕ್ಕರು. ನಾನು ಬಗ್ಗಿ ನೋಡಿದೆ, ಅವಳು ಹೇಳಿದ್ದು ನಿಜ. ಬಣ್ಣ ಹೊಂದಿಸಿದೆ, ಮೈಯ ಗೀರುಗಳನ್ನೂ ಹೊಂದಿಸಿದೆ, ಆಡಿ ಆಡಿ ತಳ ಸವೆದಿರುತ್ತದೆ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಎಷ್ಟು ಪಂಡಿತರು ಬಗ್ಗಿ ನೋಡಿ ಹೋದರೋ, ಅವರಿಗೂ ಹೊಳೆಯಲಿಲ್ಲ. ಆಡುವ ಮಗುವಿಗೆ ಕಂಡಿತು.

ಈಗಿನ ಮುಖ್ಯಸ್ಥರು ಆ ಕಡೆ ಬಂದರು. ನನ್ನ ಹತ್ತಿರವೇ ಕೆಲಸ ಕಲಿತವರು. "ಏನು ಯಜಮಾನ್ರೇ, ಮೊಮ್ಮಗಳು ನಿಮ್ಮನ್ನೇ ಮೀರಿಸ್ತಾಳಲ್ಲ! ನೀವೇ ಹೇಳಿಬಿಡಿ, ಈ ಕಾಲು ಹಳೇದೋ ಹೊಸದೋ?" ಅಂದರು. ತಮಾಷೆಗೇ ಕೇಳಿದ್ದು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ನನ್ನದು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಪಿಟೀಲು ಬಹುಮಾನಕ್ಕೆ ಕಾಯುವವಳ ಹಾಗೆ ನೋಡುತ್ತಿದ್ದಳು.

"ಹಳೇದೇ. ಇವಳಿಗೆ ಕಥೆ ಕಟ್ಟೋ ಚಾಳಿ" ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಕಾಣದೇ ಇರೋದನ್ನ ಕಂಡೆ ಅಂತ ಹೇಳ್ತಾರೇನೇ? ಅಕ್ಕನ ಹತ್ರ ತಪ್ಪಾಯ್ತು ಅನ್ನು" ಅಂತ ಗದರಿ, ರಟ್ಟೆ ಹಿಡಿದು ಮುಂದಕ್ಕೆ ನೂಕಿದೆ. ಆ ಹುಡುಗಿ "ಅಯ್ಯೋ, ಬಿಡಿ ಸಾರ್, ಮಗು" ಅಂದಳು. ಪಿಟೀಲು ಅಳಲಿಲ್ಲ. ಇನ್ನೊಂದು ಸಲ ಗಾಜಿನೊಳಗೆ ನೋಡಿದಳು, ನನ್ನನ್ನು ನೋಡಿದಳು, "ತಪ್ಪಾಯ್ತು ಅಕ್ಕಾ" ಅಂದಳು.

ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು: "ತಾತ, ನಂಗೆ ಕಣ್ಣು ಸರಿಯಾಗಿ ಕಾಣಲ್ವಾ?" ನಾನು ಕಿಟಕಿಯ ಆಚೆ ನೋಡುತ್ತ "ಮಲ್ಕೋ" ಅಂದೆ. ನನ್ನ ಮೇಲೆ ಅನುಮಾನ ಪಡುವುದು ಬಿಟ್ಟು ಮಗು ತನ್ನ ಕಣ್ಣಿನ ಮೇಲೆಯೇ ಅನುಮಾನ ಪಟ್ಟಿತಲ್ಲ, ಥೂ ನನ್ನ ಜನ್ಮಕ್ಕೆ.

ನೀನು ಡಾಕ್ಟರ ಮಾತು ಹೇಳಿದ ಮೇಲೂ ಇವತ್ತು ನಾಳೆ ಅಂತ ಮುಂದೂಡುತ್ತ ಬಂದೆ. ಮೊನ್ನೆ ಗುರುವಾರ ಮುಖ್ಯಸ್ಥರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ, ಕಾಲು ನಾನು ಮಾಡಿದ್ದು ಅಂತ. ಅವರು ಹಳೆಯ ರಿಜಿಸ್ಟರು ತರಿಸಿ ತಿರುವಿ ನೋಡಿದರು. ಆಮೇಲೆ "ಹೆಂಗೆ ಮುರೀತು?" ಅಂದರು. "ಮಗಳು ಆಗ ಚಿಕ್ಕೋಳು, ಕೈ ತಾಗ್ತು" ಅಂದೆ. "ಮಕ್ಕಳಲ್ವಾ" ಅಂದರು ಪಾಪ. ಕಾಲಿಗೆ ತಿಳಿಬಣ್ಣ ಹಚ್ಚಿ ಪಕ್ಕದ ಬರಹ ಬದಲಾಯಿಸುತ್ತಾರಂತೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಸಮಾಧಾನದಿಂದ ಮನೆಗೆ ಬಂದೆ.

ಪಿಟೀಲಿಗೆ ಇಷ್ಟನ್ನು ಗಟ್ಟಿಯಾಗಿ ಓದಿ ಹೇಳು: ನಿನ್ನ ಕಣ್ಣು ಸರಿಯಾಗಿದೆ ಕಂದಾ. ಆ ಕಾಲು ಹೊಸದೇ. ತಾತನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿ, ನಿನ್ನ ಕೈಲಿ ತಪ್ಪಾಯ್ತು ಅನ್ನಿಸಿದ. ತಾತನದೇ ತಪ್ಪು.

ಆಸ್ಪತ್ರೆಯ ರಾತ್ರಿ ಪಾಳಿ ಕಡಿಮೆ ಮಾಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ನೀವೆಲ್ಲ ನೂರು ಕಾಲ ನಗುನಗುತ್ತಾ ಇರಿ. ಅಳಿಯಂದಿರಿಗೆ ನಾನು ಕೇಳಿದೆ ಅಂತ ಹೇಳು.

ನಿನ್ನ ಅಪ್ಪ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ಇದನ್ನು ಮಕ್ಕಳಿಗೆ ಓದಬೇಡ, ನೀನೊಬ್ಬಳೇ ಓದು. ಮುಖ್ಯಸ್ಥರಿಗೆ ಹೇಳಿದ್ದರಲ್ಲಿ ಅರ್ಧ ಸುಳ್ಳು. ಸೋಮವಾರ ಮತ್ತೆ ಹೋಗುತ್ತೇನೆ. ಆದರೆ ಅವರಿಗಿಂತ ಮೊದಲು ನಿನಗೆ ಹೇಳಬೇಕು. ಇಷ್ಟು ವರ್ಷ ನಿನ್ನ ಮನೆಯಲ್ಲಿ ಒಂದು ಗಾಜಿನ ಲೋಟ ಇಲ್ಲ, "ನನ್ನ ಕೈಗೆ ಸಿಕ್ಕಿದ್ದೆಲ್ಲ ಒಡೆಯುತ್ತೆ" ಅನ್ನುತ್ತೀಯ. ದೊಡ್ಡವನು ಹುಟ್ಟಿದಾಗ ನೀನು, "ಅವತ್ತು ಅಪ್ಪ ನನ್ನ ಕಾಪಾಡಿದ ಹಾಗೇ ನಾನೂ ಇವನ್ನ ಕಾಪಾಡ್ತೀನಿ" ಅಂದೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಅವತ್ತು ನೀನು ಮೇಜಿನ ಹತ್ತಿರವೂ ಇರಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕೂತು ಬಳಪದಲ್ಲಿ ಗೀಚುತ್ತಿದ್ದೆ. ನಾನು ಟೀ ಲೋಟಕ್ಕೆ ಕೈ ಚಾಚಿದೆ, ಮೊಣಕೈ ತಗುಲಿತು. ಸದ್ದಿಗೆ ನೀನು ಓಡಿ ಬಂದು ಚೂರು ಎತ್ತಿಕೊಂಡೆ. ಹೊರಗೆ ಮೇಲಿನವರ ಹೆಜ್ಜೆ ಕೇಳಿಸಿತು. "ಏನೇ ಮಾಡಿಬಿಟ್ಟೆ!" ಅಂತ ಕೂಗಿದೆ. ಹೆಜ್ಜೆ ಮುಂದಕ್ಕೆ ಹೋಯಿತು, ಯಾರೂ ಒಳಗೆ ಬರಲಿಲ್ಲ. ಆಗಲಾದರೂ ನಿಜ ಹೇಳಬಹುದಿತ್ತು. ನೀನು ಕೈಯಲ್ಲಿದ್ದ ಚೂರು ನೋಡಿದೆ, ನನ್ನ ಮುಖ ನೋಡಿದೆ, "ಅಪ್ಪಾ, ನಾನಾ ಬೀಳ್ಸಿದ್ದು?" ಅಂತ ಕೇಳಿದೆ. ನಾನು ಹೂಂ ಅಂದೆ.