ಎರಡನೇ ಬ್ರೇಕ್

ಫೆಬ್ರವರಿ 9, ಸೋಮವಾರ

ಬೆಳಗಿನ ಬ್ಯಾಚ್ ಮುಗಿಯಿತು. ಎದುರಿಗೆ ಲಾರಿ ಬಂದ ಕೂಡಲೇ, ನನ್ನ ಹತ್ತಿರ ಕಾರು ಕಲಿಯುತ್ತಿರುವ ಟೈಲರ್ ಇವತ್ತೂ ಕಣ್ಣು ಮುಚ್ಚಿದರು. ಬ್ರೇಕ್ ನಾನು ಒತ್ತಿದೆ. ‘ನೋಡಿದ್ರಾ ಮೇಡಂ, ಹೇಗೆ ಕಂಟ್ರೋಲ್ ಮಾಡ್ದೆ!’ ಅಂದರು. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯೂ ಒಂದು ಕ್ಲಚ್, ಒಂದು ಬ್ರೇಕ್ ಇದೆ. ನಾನು ಒತ್ತಿದರೆ ಅವರ ಪೆಡಲ್ ತಾನಾಗಿ ಕೆಳಗಿಳಿಯುತ್ತದೆ. ಹೊಸಬರು ಅದನ್ನು ತಮ್ಮದೇ ಜಾಣತನ ಅಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಧೈರ್ಯ ಬರಲಿ, ಪಾಪ.

ಮನೆಗೆ ಬಂದರೆ ಅಪ್ಪ ಮತ್ತೆ ಊರಿನ ಮಾತು ತೆಗೆದ. ಏಪ್ರಿಲ್‌ನಲ್ಲಿ ಹೋಗಿಯೇ ಸಿದ್ಧವಂತೆ. ನಾಲ್ಕೂ ಜನ, ಕಾರಿನಲ್ಲಿ, ದಾರಿಯಲ್ಲಿ ಒಂದು ರಾತ್ರಿ ಹಾಲ್ಟ್. ಅಪ್ಪ ಹುಟ್ಟಿದ ಊರು — ಅಮ್ಮ ನೋಡಿಲ್ಲ, ನಾನು ನೋಡಿಲ್ಲ, ತಮ್ಮ ನೋಡಿಲ್ಲ. ಎಂಟನೇ ವಯಸ್ಸಿಗೆ ಬಿಟ್ಟ ಮೇಲೆ ಅಪ್ಪನೂ ನೋಡಿಲ್ಲ. ಜೀವಮಾನವೆಲ್ಲ ಲಾರಿ ಓಡಿಸಿದ ಮನುಷ್ಯ, ಆ ಒಂದು ರಸ್ತೆಗೆ ಮಾತ್ರ ಚಕ್ರ ಇಳಿಸಲಿಲ್ಲ.

‘ಆ ಕಡೆಗೆ ಲೋಡ್ ಸಿಗ್ತಿರ್ಲಿಲ್ಲ’ ಅಂದ.

‘ಸಿಗ್ತಿತ್ತು. ಇವ್ರೇ ಬೇಡ ಅಂತಿದ್ರು’ — ಅಮ್ಮ, ಅಡುಗೆಮನೆಯಿಂದ.

ಫೆಬ್ರವರಿ 15, ಭಾನುವಾರ

ತಮ್ಮ ಬಂದಿದ್ದ. ಫ್ರಿಜ್ ಅಂಗಡಿಯಲ್ಲಿ ಸೇಲ್ಸ್ ಕೆಲಸ. ಯಾವುದಕ್ಕೂ ನೇರವಾಗಿ ‘ಇಲ್ಲ’ ಅನ್ನುವ ಅಭ್ಯಾಸವೇ ಅವನಿಗಿಲ್ಲ. ಮೊಬೈಲಿನಲ್ಲಿ ಮ್ಯಾಪ್ ತೆಗೆದು ಊಟದ ಮೇಜಿನ ಮೇಲಿಟ್ಟ. ಅಪ್ಪ ಅದನ್ನು ಪಕ್ಕಕ್ಕೆ ಸರಿಸಿದ. ‘ದಾರಿ ನಂಗೆ ಗೊತ್ತು.’

ಆಮೇಲೆ ಹೇಳಿದ. ಇಷ್ಟು ಪೂರ್ತಿಯಾಗಿ ಹೇಳಿದ್ದು ಇದೇ ಮೊದಲು. ತಾತನ ಕುಲುಮೆಯಿಂದ ಬೆಂಕಿ ಹತ್ತಿತು. ಪಕ್ಕದ ಎರಡು ಮನೆಗಳೂ ಸುಟ್ಟವು. ಊರವರು ಯಾರೂ ಬೈಯಲಿಲ್ಲ, ಮಾತು ಬಿಟ್ಟರು ಅಷ್ಟೇ. ಕೊನೆಗೆ ತಾತನ ಮನೆಯವರೆಲ್ಲ ಇನ್ಯಾರದೋ ಲಾರಿಯಲ್ಲಿ, ಇನ್ಯಾರದೋ ಮೂಟೆಗಳ ಮೇಲೆ ಕೂತು ಊರು ಬಿಟ್ಟರು. ಅಪ್ಪ ಹಿಂದಕ್ಕೆ ಮುಖ ಮಾಡಿ ಕೂತಿದ್ದ. ಒಂದು ಒಂಟಿ ಗುಡ್ಡ, ಅದರ ಬುಡದಲ್ಲಿ ಮನೆಗಳ ಸಾಲು. ಅದು ಚಿಕ್ಕದಾಗುತ್ತ ಆಗುತ್ತ, ಒಂದು ತಿರುವಿನಲ್ಲಿ ಮಾಯವಾಯಿತಂತೆ.

‘ಈಗ ಅದೇ ತಿರುವು ದಾಟ್ಬೇಕು. ಅದೇ ಗುಡ್ಡ ದೊಡ್ಡದಾಗ್ತಾ ಆಗ್ತಾ ಬರ್ಬೇಕು. ಸ್ಟೇರಿಂಗ್ ನನ್ ಕೈಲಿರ್ಬೇಕು.’

‘ಪಕ್ಕದ ಸೀಟಲ್ಲಿ ಕೂತ್ರೂ ಅದೇ ಗಾಜು ತಾನೇ ರೀ?’ ಅಂದಳು ಅಮ್ಮ.

‘ಪಕ್ಕದಲ್ಲಿ ಕೂತೋನು ಸಾಮಾನು ಕಣೇ. ಒಂದ್ಸಲ ಸಾಮಾನಾಗಿ ಹೋಗಿದ್ದೀನಿ. ಸಾಕು.’

ತಮ್ಮ ಮೊಬೈಲ್ ಎತ್ತಿ ಜೇಬಿಗೆ ಹಾಕಿಕೊಂಡ. ನಾನು ಎದ್ದು ತಟ್ಟೆ ತೊಳೆಯಲು ಹೋದೆ.

ಫೆಬ್ರವರಿ 22, ಭಾನುವಾರ

ಅಪ್ಪ ಸ್ಟೇರಿಂಗ್ ಮುಟ್ಟದೆ ಎರಡು ವರ್ಷವಾಗಿದೆ. ಒಂದು ಸುತ್ತು ಓಡಿಸಲಿ ಅಂತ ಸ್ಕೂಲಿನ ಕಾರು ತಂದೆ. ಕೂತ ಕೂಡಲೇ ಸೀಟು ಹಿಂದಕ್ಕೆ ತಳ್ಳಿ, ಕನ್ನಡಿ ಸರಿಮಾಡಿ, ‘ಏನಿದು, ಆಟದ ಸಾಮಾನು’ ಅಂದ. ಗೇರ್ ಬದಲಾಯಿಸಿದ್ದು ಗೊತ್ತೇ ಆಗಲಿಲ್ಲ. ನಾನು ಕಲಿಸುವ ಜನರನ್ನೆಲ್ಲ ಕರೆದು ತೋರಿಸಬೇಕು ಅನ್ನಿಸಿತು.

ಮಾರ್ಕೆಟ್ ರಸ್ತೆಯಲ್ಲಿ ಎಡಗಡೆಯಿಂದ ಒಬ್ಬಾಕೆ ಸೈಕಲ್ ತಳ್ಳಿಕೊಂಡು ರಸ್ತೆಗಿಳಿದಳು. ಕ್ಯಾರಿಯರ್ ಮೇಲೆ ಮಗು. ನಿಧಾನವಾಗಿಯೇ ಬರುತ್ತಿದ್ದಳು, ಹಾಡುಹಗಲು. ಅಪ್ಪ ವೇಗ ಇಳಿಸಲೇ ಇಲ್ಲ. ಕಾಯುತ್ತೇನೆ, ಕಾಯುತ್ತೇನೆ... ಇಲ್ಲ. ಒತ್ತಿದೆ. ಇಂಜಿನ್ ಆಫ್ ಆಗಿ ನಿಂತಿತು. ಆಕೆ ಬಾಯಿಗೆ ಬಂದದ್ದು ಬೈದು ಹೋದಳು. ಕಾರಿನ ಮುಂದೆ ನಟ್ಟನಡುವೆ ಬಂದ ಮೇಲೆಯೇ ಅಪ್ಪನ ಕಣ್ಣು ಅವಳ ಕಡೆ ತಿರುಗಿದ್ದು.

‘ಎಲ್ಲಿಂದ ಬಂದ್ಲು ಇವ್ಳು?’

‘ಜನಕ್ಕೆ ಬುದ್ಧಿ ಇಲ್ಲ ಬಿಡಪ್ಪ’ ಅಂದೆ.

ಯಾಕೆ ಹಾಗಂದೆ? ಬುದ್ಧಿ ಇದ್ದದ್ದು ಅವಳಿಗೊಬ್ಬಳಿಗೇ.

ಫೆಬ್ರವರಿ 24

ಅಮ್ಮ ಮಹಡಿಯ ಮೇಲೆ ಬಟ್ಟೆ ಹರಡುತ್ತಿದ್ದಳು. ಸೈಕಲ್ಲಿನವಳ ವಿಷಯ ಹೇಳಿದೆ. ಕ್ಲಿಪ್ ಹಾಕುವುದನ್ನು ನಿಲ್ಲಿಸಲೇ ಇಲ್ಲ.

‘ಎಡಗಣ್ಣು ಹೆಚ್ಚುಕಮ್ಮಿ ಹೋಗಿದೆ ಕಣೇ. ಬಲಗಣ್ಣಲ್ಲೂ ಎದುರಿಗಿರೋದು ಮಾತ್ರ ಕಾಣುತ್ತಂತೆ, ಅಂಚು ಕಾಣಲ್ಲ. ಡಾಕ್ಟ್ರು ಹೇಳಿ ವರ್ಷ ಆಯ್ತು. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ ಅಂದ್ರು. ದಿನಾ ಡ್ರಾಪ್ಸ್ ಹಾಕ್ತಿರೋಳು ನಾನೇ ಅಲ್ವಾ?’

‘ನಂಗ್ಯಾಕೆ ಹೇಳ್ಲಿಲ್ಲ?’

‘ನಿಂಗ್ ಹೇಳಿದ್ರೆ ನೀನು ಮೇಡಂ ಆಗ್ಬಿಡ್ತೀಯ.’

ಸಿಟ್ಟು ನೆತ್ತಿಗೇರಿತು. ಕೆಳಗೆ ಬಂದರೆ ಅಪ್ಪ ಮನೆಯ ಕಾರಿನ ಗಾಜು ಒರೆಸುತ್ತಿದ್ದ, ಬಲಗಡೆಯಿಂದ ಶುರುಮಾಡಿ ಎಡಗಡೆಗೆ. ಒಂದು ಮೂಲೆಯಲ್ಲಿ ಹಕ್ಕಿ ಹಿಕ್ಕೆ ಹಾಗೇ ಉಳಿದಿತ್ತು. ಅಪ್ಪ ಬಟ್ಟೆ ಹಿಂಡಿ ಒಳಗೆ ಹೋದ. ನಾನು ಉಗುರಲ್ಲಿ ಕೆರೆದು ತೆಗೆದೆ.

ಮಾರ್ಚ್ 1, ಭಾನುವಾರ

ತಮ್ಮನಿಗೆ ಫೋನ್. ಅವನ ಸೇಲ್ಸ್ ತಲೆ ಓಡಿತು.

‘ಅಕ್ಕಾ, ನಮ್ ಕಾರು ಬೇಡ. ನಿನ್ ಸ್ಕೂಲ್ ಕಾರಲ್ಲೇ ಹೋಗೋಣ. ದಾರಿಯೆಲ್ಲಾ ನಾನು ಓಡಿಸ್ತೀನಿ, ಕೊನೇ ಒಂದು ಗಂಟೆ ಅಪ್ಪಂಗೆ ಬಿಡೋಣ. ನೀನು ಪಕ್ಕದಲ್ಲಿರು. ನಿನ್ ಕಾಲಡೀಲಿ ಬ್ರೇಕ್ ಇದೆಯಲ್ಲ. ಅಪ್ಪನೂ ಖುಷಿ, ನಾವೂ ಸೇಫ್.’

‘ಅಪ್ಪಂಗೆ ಗೊತ್ತಾದ್ರೆ?’

‘ಟೈಲರ್‌ಗೆ ಗೊತ್ತಾಗಿದೆಯಾ?’

ಒಪ್ಪಿಕೊಂಡೆ. ಕಾರಣ ಬೇರೇನಲ್ಲ — ‘ನಿನಗೆ ಕಣ್ಣು ಕಾಣುವುದಿಲ್ಲ’ ಅಂತ ಅಪ್ಪನ ಮುಖ ನೋಡಿ ಹೇಳುವ ಶಕ್ತಿ ನನಗಿಲ್ಲ. ಬೇರೆಯವರಿಗೆ ವಾರಕ್ಕೊಂದು ಸಲ ಹೇಳುತ್ತೇನೆ, ‘ನೀವಿನ್ನೂ ರೆಡಿ ಇಲ್ಲ.’ ಅದು ಸುಲಭ.

ಮಾರ್ಚ್ 8, ಭಾನುವಾರ

ಅಪ್ಪನ ಜೊತೆ ಊರಾಚೆಯ ರಸ್ತೆಯಲ್ಲಿ ಪ್ರಾಕ್ಟೀಸ್. ಎಷ್ಟೋ ಸಲ ಒತ್ತಬೇಕಾಯಿತು. ಒಂದು ಕರು, ಒಂದು ಗೂಡ್ಸ್ ಆಟೋ, ಕೊಡೆ ಹಿಡಿದ ಒಬ್ಬ ಮುದುಕ. ಎಲ್ಲವೂ ಎಡಗಡೆ. ಮೆಲ್ಲಗೆ ಒತ್ತುವುದು ನನಗೆ ಕರಗತ. ಅಪ್ಪನೇ ನಿಧಾನ ಮಾಡಿದ ಹಾಗೆ ಇತ್ತು.

ಮನೆಗೆ ಬಂದು ಅಮ್ಮನಿಗೆ, ‘ಕೈ ಇನ್ನೂ ಹೋಗಿಲ್ಲ ಕಣೇ’ ಅಂದ. ಅಮ್ಮ ನನ್ನನ್ನು ನೋಡಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. 

ಹೊರಡುವ ತಯಾರಿ ಜೋರು. ಹಾಲ್ಟ್ ಮಾಡುವ ಲಾಡ್ಜ್ ಬುಕ್ ಆಯಿತು. ಸ್ಕೂಲಿನ ಕಾರಿಗೆ ಹೊಸ ಟೈರ್ ಬಂತು. ಅಪ್ಪ ಅಂಗಿ ಹೊಲಿಸಿದ್ದಾನೆ — ನಮ್ಮ ಟೈಲರ್ ಹತ್ತಿರವೇ. ಅವರು ಅಳತೆ ತೆಗೆಯುತ್ತ, ‘ನಿಮ್ ಮಗಳು ಸುಮ್ನೆ ಪಕ್ಕದಲ್ಲಿ ಕೂರ್ತಾರೆ ಸಾರ್, ಎಲ್ಲಾ ನಾನೇ ಓಡಿಸೋದು’ ಅಂದರಂತೆ. ಅಪ್ಪ ಬಂದು ಹೇಳಿ ನಕ್ಕ. ನಾನೂ ನಕ್ಕೆ.

ಮಾರ್ಚ್ 13

ಟೈಲರ್ ಕಾರನ್ನು ಚರಂಡಿಗೆ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಎಡಗಡೆಯ ಲೈಟು ಪುಡಿ.

ತಪ್ಪು ಅವರದಲ್ಲ, ನನ್ನ ಕಾಲಿನದು. ಒತ್ತಿದೆ — ಆದರೆ ತಡವಾಯಿತು. ತಲೆಯಲ್ಲಿ ಊರಿನ ರಸ್ತೆ ಓಡುತ್ತಿತ್ತು. ಖಾಲಿ ಗಲ್ಲಿಯಲ್ಲಿ, ಆಮೆಯ ವೇಗದಲ್ಲಿ, ಇಷ್ಟು ವರ್ಷದ ಅನುಭವ ಇಟ್ಟುಕೊಂಡು ತಡವಾಯಿತು. ಅಲ್ಲಿ ಚರಂಡಿಯ ಬದಲು ಆ ಸೈಕಲ್ ಇದ್ದಿದ್ದರೆ... ಕ್ಯಾರಿಯರ್ ಮೇಲಿನ ಮಗು...

 ಹೇಳಲೇಬೇಕು. ಅಪ್ಪ ಊರಿಗೆ ಬರದಿದ್ದರೂ ಸರಿ.

ಮಾರ್ಚ್ 15, ಭಾನುವಾರ

ಹೇಳಿದೆ. ಕಾರಿನಲ್ಲೇ, ಗೇಟಿನ ಮುಂದೆ ನಿಲ್ಲಿಸಿಕೊಂಡು. ಅಪ್ಪ ಡ್ರೈವರ್ ಸೀಟಿನಲ್ಲಿ, ನಾನು ಎಡಗಡೆ. ಮಾತಾಡುವಾಗ ನನ್ನ ಮುಖ ಅವನಿಗೆ ಕಾಣುವುದಿಲ್ಲ ಅಂತ ಆಮೇಲೆ ಹೊಳೆಯಿತು. ಕಣ್ಣಿನ ವಿಷಯ, ಎರಡನೇ ಬ್ರೇಕಿನ ವಿಷಯ, ತಮ್ಮನ ಪ್ಲಾನು, ಎಲ್ಲ.

ಅಪ್ಪ ಸ್ಟೇರಿಂಗ್ ಸವರುತ್ತ ಕೂತಿದ್ದ.

‘ಸೈಕಲ್ಲಿನೋಳು ಬಂದ ದಿನವೇ ಗೊತ್ತಾಯ್ತು. ಬದುಕೆಲ್ಲಾ ಬ್ರೇಕ್ ಮೇಲೆ ಕಾಲಿಟ್ಟು ಅನ್ನ ತಿಂದೋನು ನಾನು. ನಾನು ಒತ್ತಿದ್ಯಾವ್ದು, ಬೇರೆಯೋರು ಒತ್ತಿದ್ಯಾವ್ದು ತಿಳಿಯಲ್ವಾ?’

‘ಮತ್ತೆ ಯಾಕಪ್ಪ ಸುಮ್ನಿದ್ದೆ?’

‘ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾಯ್ತಿದ್ದೆ. ನೀನು ಹೇಳ್ಲಿಲ್ಲ. ಪರ್ವಾಗಿಲ್ಲ, ಊರಿಗೆ ಹೋಗ್ಬಹುದೇನೋ ಅಂತ ಆಸೆ ಬಂತು. ನಾನೂ ಕಳ್ಳನೇ ಬಿಡು.’

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಇಳಿಯುವಾಗ ಅಂದ: ‘ನನ್ನನ್ನೂ ಆ ಟೈಲರ್ ಲೆಕ್ಕಕ್ಕೆ ಸೇರಿಸ್ಬಿಟ್ಟೆಯಲ್ಲ.’

ಊರಿನ ಪ್ರಯಾಣ ಕ್ಯಾನ್ಸಲ್. ತಮ್ಮ ಫೋನಿನಲ್ಲಿ ಕೂಗಾಡಿದ — ‘ಇನ್ನೊಂದು ತಿಂಗಳು ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿಂಗೆ?’  

ಮಾರ್ಚ್ 29

ಬರೆಯುವಂಥದ್ದು ಏನೂ ಇರಲಿಲ್ಲ. ಅಪ್ಪ ನನ್ನ ಜೊತೆ ಮಾತಾಡುವುದಿಲ್ಲ. ಬೇಕಾದ್ದನ್ನು ಅಮ್ಮನಿಗೆ ಹೇಳುತ್ತಾನೆ, ನಾನು ಅಲ್ಲೇ ಇದ್ದರೂ. ‘ಉಪ್ಪು ಕೊಡೋಕೆ ಹೇಳು.’ ಉಪ್ಪು ನನ್ನ ಕೈಯಲ್ಲೇ ಇತ್ತು. ಕೊಟ್ಟೆ.

ಮಾತು ಬಿಡುವುದು ಎಂಥ ಶಿಕ್ಷೆ ಅಂತ ಈ ಮನುಷ್ಯನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಲಾಡ್ಜ್ ಬುಕಿಂಗ್ ಇನ್ನೂ ಕ್ಯಾನ್ಸಲ್ ಮಾಡಿಲ್ಲ. ಅಂಗಿ ಹ್ಯಾಂಗರಿನಲ್ಲಿದೆ.

ಏಪ್ರಿಲ್ 2, ಗುರುವಾರ, ಬೆಳಗ್ಗೆ 11

ನಂಬಲಿಕ್ಕಾಗುತ್ತಿಲ್ಲ. ಬೆಳಗಿನ ಬ್ಯಾಚಿಗೆ ಅಪ್ಪ ಬಂದ. ಕಲಿಯುವವರ ಬೆಂಚಿನ ಮೇಲೆ, ಟೈಲರ್ ಪಕ್ಕ ಕೂತಿದ್ದ. ಟೈಲರ್ ಅವನಿಗೆ ಕ್ಲಚ್ ಅಂದರೆ ಏನು ಅಂತ ವಿವರಿಸುತ್ತಿದ್ದರು. ಅಪ್ಪ ವಿಧೇಯನಾಗಿ ತಲೆಯಾಡಿಸುತ್ತಿದ್ದ.

ಸರದಿ ಬಂದಾಗ ಎದ್ದು ನೇರ ಎಡಗಡೆಯ ಬಾಗಿಲು ತೆಗೆದ. ನನ್ನ ಸೀಟು. ‘ನಡಿ’ ಅಂದ.

ಓಡಿಸಿದೆ. ಎರಡು ಸಿಗ್ನಲ್ ದಾಟಿದ ಮೇಲೆ ನನ್ನ ಬ್ರೇಕ್ ಕೆಳಗಿಳಿಯಿತು. ನಾನು ಒತ್ತಿರಲಿಲ್ಲ. ಪೆಡಲ್ ಕಾಲಡಿಯಿಂದ ಜಾರಿ ಹೋದಾಗ ಎದೆ ಧಸಕ್ಕೆಂದಿತು. ಅಪ್ಪನಿಗೆ ಹೇಗಾಗಿತ್ತು ಅಂತ ಅರ್ಥವಾಯಿತು.

‘ಊರಿಗೆ ಇಲ್ಲಿ ಕೂತು ಬರ್ತೀನಿ’ ಅಂದ. ‘ಸಾಮಾನಿಗೆ ಬ್ರೇಕ್ ಇರಲ್ಲ. ನಂಗಿರುತ್ತೆ. ಏನಂತೀಯ?’

‘ಹೈವೇಲಿ ಕಾಲು ಹಿಂದಕ್ಕೆ ಇಟ್ಕೊಂಡಿರ್ಬೇಕು.’

‘ಆಯ್ತು ಮೇಡಂ.’

ರಸ್ತೆ ಬದಿಗೆ ನಿಲ್ಲಿಸಿ ಅತ್ತೆ. ಅಪ್ಪ ನೋಡದವನ ಹಾಗೆ ಹೊರಗೆ ನೋಡುತ್ತಿದ್ದ. ಎಡಗಡೆ ಅವನಿಗೆ ಏನು ಕಾಣುತ್ತಿತ್ತೋ.

ಏಪ್ರಿಲ್ 11, ಶನಿವಾರ. ಲಾಡ್ಜ್

ಮುಕ್ಕಾಲು ದಾರಿ ಬಂದೆವು. ಹೈವೇ ಇಳಿದದ್ದೇ ಅಪ್ಪನ ಕಾಲಿಗೆ ಜೀವ ಬಂತು. ನಾಯಿ ಕಂಡರೆ ಬ್ರೇಕ್, ನಾಯಿಯ ನೆರಳು ಕಂಡರೆ ಬ್ರೇಕ್. ಹಿಂದಿನ ಸೀಟಿನಲ್ಲಿ ತಮ್ಮನ ಮೂಗು ಎರಡು ಸಲ ನನ್ನ ಸೀಟಿಗೆ ತಾಗಿತು. ಅಮ್ಮ ಸಂಜೆಯವರೆಗೂ ನಕ್ಕಳು.

ರೂಮಿಗೆ ಬಂದ ಮೇಲೆ ಮಾತ್ರ ಅಪ್ಪ ಮಂಕಾದ. ಊಟ ಬೇಡ ಅಂದ. ಹೊಸ ಅಂಗಿಯ ಗುಂಡಿ ಹಾಕುತ್ತಾನೆ, ತೆಗೆಯುತ್ತಾನೆ. ‘ಅಲ್ಲಿ ಯಾರಾದ್ರೂ ಇರ್ತಾರಾ? ಇದ್ರೆ ಏನಂತಾರೆ?’ ಅಂತ ಅಮ್ಮನನ್ನು ಕೇಳುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯನ ದನಿಯಾಗಿರಲಿಲ್ಲ ಅದು. ನನಗೂ ಹೆದರಿಕೆ ಆಗುತ್ತಿದೆ.

ಏಪ್ರಿಲ್ 12, ಭಾನುವಾರ, ಬೆಳಗ್ಗೆ

ಡೈರಿ ಬ್ಯಾಗಿನಲ್ಲಿತ್ತು. ತಿರುವಿನ ಪಕ್ಕದ ಮೋರಿಯ ಕಟ್ಟೆಯ ಮೇಲೆ ಕೂತು ಗೀಚುತ್ತಿದ್ದೇನೆ. ಕೂಡಲೇ ಕಾರಿನ ಹತ್ತಿರ ವಾಪಸ್ ಹೋಗುವ ಧೈರ್ಯ ಬರುತ್ತಿಲ್ಲ.

ಅಪ್ಪ ಬ್ರೇಕ್ ಒತ್ತಿದ. ರಸ್ತೆಯಲ್ಲಿ ಏನೂ ಇರಲಿಲ್ಲ, ನಾಯಿಯೂ ಇಲ್ಲ, ನೆರಳೂ ಇಲ್ಲ. ಮುಂದೆ ತಿರುವು. ‘ಏನಪ್ಪಾ?’ ಅಂದೆ. ಕಾಲು ತೆಗೆಯಲಿಲ್ಲ.

‘ಇದೇ ತಿರುವು. ಇದ್ರಾಚೆ ಕಾಣ್ಬೇಕು.’ ಮುಂದಿನ ಗಾಜನ್ನು ಅಂಗೈಯಿಂದ ಒರೆಸಿದ. ‘ಕಾಣ್ದೇ ಹೋದ್ರೆ? ಗುಡ್ಡ ಇಲ್ಲ ಅಂದ್ಕೊಳ್ಲಾ, ನನ್ ಕಣ್ಣಿಲ್ಲ ಅಂದ್ಕೊಳ್ಲಾ? ನೀನು ಮೊದ್ಲು ನಡ್ಕೊಂಡು ಹೋಗಿ ನೋಡ್ಕೊಂಡು ಬಾ.’

‘ನಾನ್ ಹೋಗ್ತೀನಿ’ ಅಂತ ತಮ್ಮ ಇಳಿಯಲು ಹೋದ.

‘ನೀನ್ ಬೇಡ. ನೀನು ಇದೆ ಅಂದ್ಬಿಡ್ತೀಯ. ಅವ್ಳು ಹೋಗ್ಲಿ.’

ಬಂದೆ. ತಿರುವಿನಾಚೆ ಮನೆಗಳ ಸಾಲಿದೆ. ಹಂಚಿನವು ಕೆಲವು, ಹೊಸವು ಕೆಲವು. ಒಂದು ಜಗುಲಿಯ ಮೇಲೆ ಯಾರೋ ವಯಸ್ಸಾದ ಹೆಂಗಸು ಕೂತಿದ್ದಾಳೆ. ಗುಡ್ಡ ಇಲ್ಲ. ಕಲ್ಲಿಗಾಗಿ ಕಡಿದು ಕಡಿದು ಮುಗಿಸಿದ್ದಾರೆ. ಅದಿದ್ದ ಕಡೆ ಬರೀ ಆಕಾಶ, ಕೆಳಗೆ ಒಂದು ದೊಡ್ಡ ಹೊಂಡ.

ಅಪ್ಪ ಕಾರಿನಿಂದ ಇಳಿದು ಬಾನೆಟ್ ಹಿಡಿದು ನಿಂತಿದ್ದಾನೆ. ನಾನಿರುವ ದಿಕ್ಕು ಸರಿಯಾಗಿ ಗೊತ್ತಾಗದೆ ಆ ಕಡೆ ಈ ಕಡೆ ಮುಖ ತಿರುಗಿಸುತ್ತಿದ್ದಾನೆ. ರಸ್ತೆ ದಾಟಿ ಅವನ ಬಲಗಡೆಯಿಂದ ಹೋಗಬೇಕು, ನನ್ನ ಮುಖ ಅವನಿಗೆ ಕಾಣಬೇಕು. ಮೊದಲು ಗುಡ್ಡದ ವಿಷಯ. ಆಮೇಲೆ ಜಗುಲಿ ಮೇಲಿನ ಹೆಂಗಸಿನ ವಿಷಯ, ಊರಲ್ಲಿ ಇನ್ನೂ ಯಾರೋ ಇದ್ದಾರೆ ಅಂತ.