ಗಂಡನ ಹೆಸರು ಕೇಳಿದ ಕಂಪ್ಯೂಟರು

ಕಾಮಸಮುದ್ರ
ತಾ. 14-8-1997

ನನ್ನ ಮುದ್ದು ಮೊಮ್ಮಗಳು ಕನಕಳಿಗೆ ನಿನ್ನ ಅಜ್ಜಿ ಮಾಡುವ ಆಶೀರ್ವಾದಗಳು.

ಕೋರಮಂಡಲ್‌ನಲ್ಲಿ ಚಿಕ್ಕಮ್ಮನ ಮನೆಯ ಮೂಲೆ ಹಿಡಿದು ಅತ್ತಿದ್ದು ಸಾಕು. ಎದ್ದು ಮುಖ ತೊಳೆದು ಇದನ್ನು ಓದು. ನಿನ್ನ ಗೆಳತಿ ಕದಿರಮ್ಮನ ಕ್ಷಯದ ಸುದ್ದಿಯನ್ನು ಅವಳ ಅತ್ತೆಗೆ ಮುಟ್ಟಿಸಿದವಳು ನೀನಲ್ಲ. ಮುಟ್ಟಿಸಿದ್ದು ಆಸ್ಪತ್ರೆಯ ಕಂಪ್ಯೂಟರು. ಕಣ್ಣಾರೆ ಕಂಡು ಬಂದಿದ್ದೇನೆ.

ನಿನ್ನೆ ಬಂಗಾರಪೇಟೆಗೆ ಹೋಗಿ, ಸುದ್ದಿ ಹೊರಗೆ ಹಾಕಿದೆಯೆಂದು ನಿನ್ನನ್ನು ಕೆಲಸದಿಂದ ತೆಗೆದ ಆ ಆಸ್ಪತ್ರೆಯಲ್ಲೇ ಚೀಟಿ ಮಾಡಿಸಲು ನಿಂತೆ. ನಿನ್ನ ಕುರ್ಚಿಯಲ್ಲಿ ಈಗ ಆರುಮುಗಂ ಕೂತಿದ್ದಾನೆ. ಅಜ್ಜಿ ಅನ್ನಲು ಅವನ ಬಾಯಿಗೆ ತಮಿಳಿನ ಪಾಟಿಯೇ ಬರುವುದು.

"ಪಾಟಿ, ಯಜಮಾನ್ರ ಹೆಸರು ಏಳಿ" ಅಂದ.

"ಕಟ್ಕೊಂಡವರ ಹೆಸರು ಬಾಯಲ್ಲಿ ಏಳ್ತಾರೇನ್ಲಾ? ನಿಮ್ಮವ್ವ ಏಳ್ತಾಳಾ?" ಅಂದೆ.

"ಕಂಪ್ಯೂಟರ್ ಕೇಳ್ತೈತೆ ಪಾಟಿ."

"ಅದಕ್ಕೆ ಮಾನ ಇಲ್ಲ, ಕೇಳ್ತೈತೆ. ನಂಗೈತೆ, ಏಳಲ್ಲ."

ಗೊಣಗಿಕೊಂಡು ಆ ಜಾಗ ಖಾಲಿ ಬಿಟ್ಟು ಗುಂಡಿ ಒತ್ತಿದ. ಹೆಸರಿಲ್ಲ ಅಂತ ಹೇಳಿ ಅದು ಸುಮ್ಮನಾಗಬೇಕಿತ್ತು ತಾನೇ? ಆಗಲಿಲ್ಲ. ಒಳಕೋಣೆಯ ದೊಡ್ಡ ಯಂತ್ರದಲ್ಲಿ ಡಾಕ್ಟರು ತುಂಬಿಸಿಟ್ಟಿದ್ದನ್ನೆಲ್ಲ ತಂದು ಪರದೆಯ ಮೇಲೆ ಸುರಿಯಿತು. ಊರವರ ಹೆಸರು, ಪಕ್ಕದಲ್ಲೇ ಕಾಯಿಲೆ. ಪರದೆಯೋ, ನಿಂತ ಜನರ ಕಡೆಗೇ ಅರ್ಧ ತಿರುಗಿದೆ. ನನಗೆ ಇಂಗ್ಲಿಷ್ ಬರದು. ಹಿಂದೆ ನಿಂತಿದ್ದ ಪೋಸ್ಟ್‌ಮ್ಯಾನ್ ಬಚ್ಚಪ್ಪ ಕನ್ನಡಕ ಏರಿಸಿ ಓದೇಬಿಟ್ಟ: "ಅಕ್ಕಯ್ಯಮ್ಮ, ಸಕ್ಕರೆ ಕಾಯಿಲೆ!"

ಅಕ್ಕಯ್ಯಮ್ಮ ಅಲ್ಲೇ ಇದ್ದಳು. "ಬಾಯಿ ಮುಚ್ಕೊಳ್ಳಯ್ಯೋ! ನನ್ ಸೊಸೆಗೆ ಗೊತ್ತಾದ್ರೆ ಒಬ್ಬಟ್ಟೇ ಇಕ್ಕಲ್ಲ" ಎಂದು ಕೂಗಿಕೊಂಡಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕದಿರಮ್ಮನ ಅತ್ತೆ ಅಶ್ವತ್ಥಮ್ಮನೂ ಗಂಡನ ಹೆಸರು ಹೇಳುವವಳಲ್ಲ.

ಆರುಮುಗಂನ ಕೊರಳಪಟ್ಟಿ ಹಿಡಿದು ಕೇಳಿದೆ. ಬಾಯಿ ಬಿಟ್ಟ. ನೀನು ಊಟಕ್ಕೆ ಹೋಗಿ ಇವನು ಕೂತಿದ್ದ ಹೊತ್ತಿನಲ್ಲಿ ಅಶ್ವತ್ಥಮ್ಮ ಬಂದಿದ್ದಳಂತೆ, ಆಗಲೂ ಹೀಗೇ ಖಾಲಿ ಬಿಟ್ಟನಂತೆ, ಜೊತೆಗಿದ್ದ ಅವಳ ಕಿರಿಮಗ ಓದಿ ಹೇಳಿದನಂತೆ. ಕೆಲಸ ಹೋದೀತೆಂದು ಇವನು ತೆಪ್ಪಗಿದ್ದ. ನೀನಾದರೆ ಜೊತೆಗೆ ಬಂದವರನ್ನು ಕೇಳಿ ಹೆಸರು ತುಂಬುತ್ತಿದ್ದೆ, ಅದಕ್ಕೇ ಇದು ನಿನ್ನ ಕಣ್ಣಿಗೆ ಬೀಳಲಿಲ್ಲ.

ಡಾಕ್ಟರನ್ನು ಕೋಣೆಯಿಂದ ಎಬ್ಬಿಸಿ ಕರೆತಂದು, ಅವರೆದುರೇ ಮತ್ತೆ ಒತ್ತಿಸಿದೆ. ನೋಡಿದವರೇ ಯಂತ್ರ ಆರಿಸಿದರು. ಕಂಪನಿಯವರು ಬಂದು ಸರಿ ಮಾಡುವವರೆಗೆ ಚೀಟಿಯೆಲ್ಲ ಕೈಯಲ್ಲೇ ಬರೆಯುತ್ತಾರಂತೆ.

"ಅದನ್ನ ಕಂಪನಿಯವರು ಮಾಡ್ತಾರೆ ಸ್ವಾಮಿ. ನಮ್ಮುಡುಗೀನ ಕಳ್ಳಿ ತರ ಆಚೆಗಾಕಿದ್ರಲ್ಲ, ಅದನ್ನ ಯಾರು ಸರಿ ಮಾಡ್ತಾರೆ?" ಅಂದೆ. ತಲೆ ತಗ್ಗಿಸಿ, ಸೋಮವಾರದಿಂದ ಬರಲಿ ಅಂದರು. ಹೋಗುವುದು ಬಿಡುವುದು ನಿನಗೆ ಬಿಟ್ಟಿದ್ದು.

ಅಲ್ಲಿಂದ ಕದಿರಮ್ಮನ ತವರಿಗೆ ಹೋದೆ. ಮಾತ್ರೆ ನುಂಗಿ ಮೈಕೈ ತುಂಬಿಕೊಂಡಿದ್ದಾಳೆ. ತವರಿಗೆ ಅಟ್ಟಿದ ಅತ್ತೆ ಇನ್ನೂ ಕರೆಸಿಕೊಂಡಿಲ್ಲ. ಎಲ್ಲ ಕೇಳಿ, "ಕನಕ ಒಂದ್ಸಲನಾದ್ರೂ ನನ್ನ ಅತ್ರ ಬರಬೋದಿತ್ತಲ್ಲ ಅಜ್ಜಿ" ಅಂದಳು. ಬಂದಿದ್ದರೆ ಬಾಗಿಲು ಮುಚ್ಚುತ್ತಿದ್ದೆಯಲ್ಲೇ ಅಂದೆ. "ಮುಚ್ತಿದ್ದೆ. ಆದ್ರೂ ಬರಬೇಕಿತ್ತು" ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಇಂತಿ ನಿನ್ನ ಅಜ್ಜಿ,
ಮುನಿನಾರಾಯಣಮ್ಮ

ಇನ್ನೊಂದು ಮಾತು: ನನ್ನ ಎದೆಯಲ್ಲೊಂದು ಗಂಟಿದೆ. ನಿನ್ನೆ ಚೀಟಿಗೆ ನಿಂತಿದ್ದು ಅದಕ್ಕೇ. ಬರುವ ಗುರುವಾರ ಕೋಲಾರದಲ್ಲಿ ಆಪರೇಷನ್ ಅಂತೆ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ, ನಾನೇ ಹೇಳುತ್ತೇನೆ. ಕದಿರಮ್ಮನಿಗೆ ಹೇಳಿದೆ. ಜೊತೆಗೆ ಬರುತ್ತೇನೆ ಅಂದಿದ್ದಾಳೆ. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವತ್ತು ಬೆಳಿಗ್ಗೆ ಕಾಯುತ್ತಾಳೆ. ನೀನೂ ಬಾ.